ಇಂದಿರಾ ಗಾಂಧಿ ಸದಸ್ಯತ್ವ ಹೋದ ದಿನ ಸದನದಲ್ಲಿ ಯಾರು ಏನಂದರು?

ಪ್ರಶ್ನೆ: ಸರ್, ಬಿ.ಎ. ಓದುತ್ತಿದ್ದೇನೆ. ನಮ್ಮೂರಿನ 1978ರ ಉಪಚುನಾವಣೆ ಬಗ್ಗೆ ಬರೆಯಬೇಕಾಗಿದೆ. ಗೆದ್ದು ಹೋದ ಇಂದಿರಾ ಗಾಂಧಿಯವರನ್ನು ಲೋಕಸಭೆಯಿಂದಲೇ ಹೊರಹಾಕಿದರಂತೆ. ಊರಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಅವತ್ತು ಸದನದಲ್ಲಿ ಆಡಿದ ಮಾತು ಅಚ್ಚಿನಲ್ಲಿ ಸಿಗುತ್ತದೆಯೇ? ಅದಕ್ಕೆ ದೆಹಲಿಗೇ ಹೋಗಬೇಕೇ?
– ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ದೆಹಲಿ ಯಾಕಮ್ಮ, ಮನೆಯಲ್ಲೇ ಕೂತು ಓದಬಹುದು. ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿ ಅಂತ ಇದೆ. ಸಂಸದ್ ಡಾಟ್ ಇನ್ ತಾಣದಿಂದಲೂ ಹೋಗಬಹುದು. 1952ರಿಂದ ಈಚಿನ ಲೋಕಸಭೆ ಚರ್ಚೆಗಳು, ಅದಕ್ಕೂ ಹಿಂದಿನ ಸಂವಿಧಾನ ರಚನಾ ಸಭೆಯ ಚರ್ಚೆಗಳು, ಎಲ್ಲ ಪುಕ್ಕಟೆ.

ಇಂದಿರಾ ಗಾಂಧಿ ಅಂತ ಟೈಪ್ ಮಾಡಿ ಹುಡುಕಲು ಮಾತ್ರ ಹೋಗಬೇಡಿ. ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳು. ಮಸುಕು ಅಕ್ಷರ ಯಂತ್ರಕ್ಕೆ ತಿಳಿಯುವುದಿಲ್ಲ. ತಿಳಿದರೂ ಆ ಹೆಸರು ಸಿಗದ ದಿನವೇ ಇಲ್ಲ! ತಾರೀಕು ಹಿಡಿದು ಹುಡುಕಿ. ನಿಮಗೆ ಬೇಕಾದ್ದು ಆರನೇ ಲೋಕಸಭೆ, 1978ರ ಡಿಸೆಂಬರ್ 19.

ಫೈಲ್ ತೆರೆದಾಗ ಗಾಬರಿಯಾಗಬೇಡಿ. ಎಡಪುಟದ ತಲೆಯ ಮೇಲೆ ಡಿಸೆಂಬರ್ 19 ಇದ್ದರೆ, ಎದುರು ಪುಟದ ಮೇಲೆ 'ಅಗ್ರಹಾಯಣ 28, 1900' ಅಂತಿರುತ್ತದೆ. ಅದು ಶಕ ವರ್ಷದ ಲೆಕ್ಕ. ಪುಟದಲ್ಲಿ ಎರಡೆರಡು ಕಾಲಂ. ನಂಬರ್ ಇರುವುದು ಕಾಲಂಗೆ, ಪುಟಕ್ಕಲ್ಲ. ಪ್ರಬಂಧದಲ್ಲಿ ತಾರೀಕಿನ ಜೊತೆ ಆ ಕಾಲಂ ನಂಬರನ್ನೇ ಕೊಡಿ. ಹಿಂದಿಯಲ್ಲಿ ಮಾತಾಡಿದವರದು ನಡುನಡುವೆ ಹಿಂದಿಯಲ್ಲೇ ಇರುತ್ತದೆ. ಪಕ್ಕದಲ್ಲಿ ಹಿಂದಿ ಬಲ್ಲವರು ಒಬ್ಬರಿರಲಿ.

ಅದೊಂದೇ ದಿನ ಓದಿ ಬಿಟ್ಟರೆ ಅರ್ಧ ಕಥೆ. ಸದನದ ಹಕ್ಕಿಗೆ ಧಕ್ಕೆ ಬಂದಿದೆಯೇ ಅಂತ ವಿಚಾರಿಸುವ ಹಕ್ಕುಬಾಧ್ಯತಾ ಸಮಿತಿಯ ವರದಿ ಮೊದಲೇ ಬಂದಿತ್ತು. ಮಗ ಸಂಜಯ್ ಗಾಂಧಿಯ ಮಾರುತಿ ಕಾರು ಕಂಪನಿ ಬಗ್ಗೆ ಸದನದಲ್ಲಿ ಕೇಳಿದ್ದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಇಂದಿರಾ ಪ್ರಧಾನಿಯಾಗಿದ್ದಾಗ ತೊಂದರೆ ಕೊಟ್ಟರು ಅನ್ನುವುದು ಆರೋಪ. ಊರಿನ ಕಥೆಗಳಲ್ಲಿ ಡಿ.ಬಿ. ಚಂದ್ರೇಗೌಡರು ಇಂದಿರಾಗೆ ತಮ್ಮ ಸೀಟು ಬಿಟ್ಟುಕೊಟ್ಟಿದ್ದು, ಎದುರಾಳಿ ವೀರೇಂದ್ರ ಪಾಟೀಲರು ಸೋತಿದ್ದು ಎಲ್ಲ ಬರುತ್ತದೆ. ಈ ಮಾರುತಿ ವಿಷಯ ಬರುವುದೇ ಅಪರೂಪ. ಹಾಗಾಗಿ ಡಿಸೆಂಬರ್ ಮೊದಲ ವಾರದಿಂದಲೇ ಓದುತ್ತಾ ಬನ್ನಿ. ಕೊನೆಗೆ 1981ರ ಮೇ 7ಕ್ಕೆ ಹಾರಿ. ಹೊರಹಾಕಿದ ನಿರ್ಣಯವನ್ನು ಏಳನೇ ಲೋಕಸಭೆ ಅವತ್ತು ರದ್ದು ಮಾಡಿತು. ಎರಡು ಸದನ, ಎರಡು ಬಹುಮತ, ಎರಡು ತೀರ್ಪು. ನಿಮ್ಮ ಪ್ರಬಂಧಕ್ಕೆ ಉಪಚುನಾವಣೆಯ ಘೋಷಣೆಗಳಿಗಿಂತ ಇದು ಒಳ್ಳೆಯ ವಿಷಯ ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಟಿ.ವಿ.ಯಲ್ಲಿ ನಾನೇ ಕಿವಿಯಾರೆ ಕೇಳಿದ ಮಾತು ಲೋಕಸಭೆಯ ಬರಹದಲ್ಲಿ ಇಲ್ಲವೇ ಇಲ್ಲ. ಇದು ಮೋಸ ಅಲ್ವಾ?
– ನಿವೃತ್ತ ಮೇಷ್ಟ್ರು, ಅರಸೀಕೆರೆ

ಉತ್ತರ: ಮೇಷ್ಟ್ರೇ, ಕಡತದಿಂದ ತೆಗೆದಿರುತ್ತಾರೆ. ಅಸಭ್ಯ ಅಥವಾ ಸದನದ ಘನತೆಗೆ ತಕ್ಕದ್ದಲ್ಲ ಅನ್ನಿಸಿದ ಮಾತನ್ನು ತೆಗೆಸಲು 380ನೇ ನಿಯಮ ಸ್ಪೀಕರ್‌ಗೆ ಅಧಿಕಾರ ಕೊಡುತ್ತದೆ. ಆ ಜಾಗದಲ್ಲಿ ನಕ್ಷತ್ರ ಗುರುತು ಬೀಳುತ್ತದೆ. ಗಲಾಟೆಯಲ್ಲಿ ಕೂಗಿದ್ದು 'ಅಡಚಣೆ' ಅನ್ನುವ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಅಳಿಸಿದ ಗುರುತನ್ನಾದರೂ ಬಿಡುತ್ತಾರೆ, ಹಾಗಾಗಿ ಮೋಸ ಅನ್ನಲಾರೆ. ಇನ್ನೊಂದು ವಿಷಯ. ಮೊದಲು ಹಾಕುವುದು ತಿದ್ದದ ಪ್ರತಿ. ಅದನ್ನೇ ಪಕ್ಕಾ ಅಂದುಕೊಂಡು ವಾದಕ್ಕೆ ಇಳಿಯಬೇಡಿ. ನಮ್ಮವರು ಕನ್ನಡದಲ್ಲಿ ಮಾತಾಡಿದ್ದರೆ ಸಾಮಾನ್ಯವಾಗಿ ಅದರ ಇಂಗ್ಲಿಷ್ ಅನುವಾದ ಹಾಕಿ, ಮೂಲ ಕನ್ನಡ ಅಂತ ಕೆಳಗೆ ಟಿಪ್ಪಣಿ ಕೊಟ್ಟಿರುತ್ತಾರೆ. ಕನ್ನಡದಲ್ಲೇ ಬೇಕಿದ್ದರೆ ಸಂಸದ್ ಟಿ.ವಿ.ಯ ವಿಡಿಯೊ ನೋಡಬೇಕು.

ಪ್ರಶ್ನೆ: ಕಾಫಿ ಬೆಳೆಗಾರರ ಬಗ್ಗೆ ನಮ್ಮ ಎಂ.ಪಿ.ಗಳು ಏನಾದರೂ ಕೇಳಿದ್ದಾರಾ? ಕೃಷಿ ಸಚಿವಾಲಯ ಅಂತ ಹಾಕಿ ಎಷ್ಟು ಹುಡುಕಿದರೂ ಏನೂ ಇಲ್ಲ.
– ಬೆಳೆಗಾರ, ಸಕಲೇಶಪುರ

ಉತ್ತರ: ಕಾಫಿ ಬೋರ್ಡ್ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಪ್ರಶ್ನೋತ್ತರ ವಿಭಾಗದಲ್ಲಿ ಆ ಸಚಿವಾಲಯ ಆರಿಸಿ, ಕಾಫಿ ಅಂತ ಇಂಗ್ಲಿಷಿನಲ್ಲಿ ಕೊಡಿ. ಚುಕ್ಕೆ ಗುರುತಿನ ಪ್ರಶ್ನೆಗಳಷ್ಟೇ ನೋಡಿ ಸುಮ್ಮನಾಗಬೇಡಿ. ಚುಕ್ಕೆ ಇಲ್ಲದವಕ್ಕೆ ಸಚಿವರು ಲಿಖಿತ ಉತ್ತರ ಮಾತ್ರ ಕೊಡುತ್ತಾರೆ, ಅಂಕಿ ಅಂಶ ಅಲ್ಲೇ ಜಾಸ್ತಿ ಸಿಗುವುದು. ತೋಟಕ್ಕೆ ನುಗ್ಗುವ ಆನೆ ಬಗ್ಗೆಯೂ ಹುಡುಕುವುದಾದರೆ ಪರಿಸರ ಮತ್ತು ಅರಣ್ಯ ಸಚಿವಾಲಯಕ್ಕೆ ಹೋಗಿ.