ಪಕ್ಕದ ಮನೆ ಆಂಟಿಗೆ ನಿಮ್ಮ ಪ್ರಶ್ನೆ

(ಪೌರಾಣಿಕ ನಾಟಕಗಳಿಂದ ಕಿರುತೆರೆಗೆ ಹೋದ ತುಮಕೂರಿನ ಕಲಾವಿದೆ ಇವರು. ಹಾಸ್ಯ ಧಾರಾವಾಹಿಗಳಲ್ಲಿ ಲೋಟ ಹಿಡಿದು ಕಾಫಿಪುಡಿ ಸಾಲ ಕೇಳುವ ಪಕ್ಕದ ಮನೆಯಾಕೆಯಾಗಿ ಮನೆಮಾತಾದವರು. ಈ ಸಲ ಓದುಗರ ಪ್ರಶ್ನೆಗಳಿಗೆ ಅವರದೇ ಉತ್ತರ.)

ತಿಪಟೂರಿನ ಓದುಗರು: ಮೇಡಂ, ಧಾರಾವಾಹಿಯಲ್ಲಿ ವರ್ಷಗಟ್ಟಲೆ ಕಾಫಿಪುಡಿ, ಸಕ್ಕರೆ ಸಾಲ ಕೇಳಿದಿರಿ. ಒಂದು ಸಲವೂ ವಾಪಸ್ ಕೊಡಲಿಲ್ಲ. ಮನೆಯಲ್ಲೂ ಹಾಗೇನಾ?

ಮನೆ ಹತ್ತಿರ ನಾನು ಕೇಳಿದರೂ ಯಾರೂ ಕೊಡೋದಿಲ್ಲ. ನನ್ನ ಕೈಯಲ್ಲಿ ಲೋಟ ಕಂಡರೆ ಸಾಕು, ನಮ್ಮ ಬೀದಿಯವರು ನಗೋಕೆ ಶುರು ಮಾಡುತ್ತಾರೆ.

ನೀವು ಕೇಳಿದ್ದನ್ನೇ ನಾನೂ ಒಮ್ಮೆ ಸೆಟ್‌ನಲ್ಲಿ ಕೇಳಿದ್ದೆ. ದೀಪಾವಳಿ ಎಪಿಸೋಡ್‌ನಲ್ಲಾದರೂ ಒಂದು ಕೆಜಿ ಕಾಫಿಪುಡಿ ವಾಪಸ್ ಕೊಟ್ಟುಬಿಡ್ತೀನಿ, ನೋಡೋರಿಗೂ ಖುಷಿಯಾಗುತ್ತೆ ಅಂದೆ. ಸಂಭಾಷಣೆ ಬರೆಯುತ್ತಿದ್ದವರು ಗಾಬರಿಯಾದರು. "ಅಮ್ಮಾ, ನೀವು ಸಾಲ ತೀರಿಸಿಬಿಟ್ಟರೆ ನಾಳೆಯಿಂದ ನಾನು ಏನು ಬರೀಲಿ?" ಅಂದರು.

ಅವರು ಹೇಳಿದ್ದು ಸರಿ. ಮೆಗಾ ಧಾರಾವಾಹಿಯಲ್ಲಿ ಸೊಸೆಗೆ ಮದುವೆಯಾಗುತ್ತೆ, ನೆನಪು ಹೋಗುತ್ತೆ, ಆರು ತಿಂಗಳು ಬಿಟ್ಟು ವಾಪಸ್ ಬರುತ್ತೆ. ಕಥೆ ಮುಂದಕ್ಕೆ ಓಡಲೇಬೇಕು. ಹಾಸ್ಯ ಧಾರಾವಾಹಿಯಲ್ಲಿ ಮಾತ್ರ ಪಾತ್ರಕ್ಕೆ ಬುದ್ಧಿ ಬರಬಾರದು. ಸೋಮವಾರ ಬೈಸಿಕೊಂಡವಳು ಮಂಗಳವಾರ ಏನೂ ಆಗಿಲ್ಲ ಎಂಬಂತೆ ಅದೇ ಬಾಗಿಲು ತಟ್ಟಬೇಕು. ಈಟಿವಿ ಕನ್ನಡದ ‘ಸಿಲ್ಲಿ ಲಲ್ಲಿ’ ನೆನಪು ಮಾಡಿಕೊಳ್ಳಿ. ರವಿಶಂಕರ್ ಗೌಡ ಅವರ ಡಾಕ್ಟರ್ ವಿಠ್ಠಲ್ ರಾವ್‌ಗೆ ಕೊನೆವರೆಗೂ ಬುದ್ಧಿ ಬಂತಾ? ಮಂಜು ಭಾಷಿಣಿ ಅವರ ಲಲಿತಾಂಬ ಸಮಾಜಸೇವೆಯ ಗೀಳು ಬಿಟ್ಟರಾ? ಬಿಟ್ಟಿದ್ದರೆ ನಾವೇ ಚಾನೆಲ್ ಬದಲಾಯಿಸುತ್ತಿದ್ದೆವು.

ಕಷ್ಟ ಇರೋದು ನಟರಿಗೆ. ಪಾತ್ರ ಅಲ್ಲೇ ನಿಂತಿರುತ್ತೆ, ನಮಗೆ ಮಾತ್ರ ವಯಸ್ಸಾಗುತ್ತೆ. ನನ್ನ ಮಗಳು ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಸೇರಿದಳು. ನಾನು ಇನ್ನೂ ಅದೇ ಹೂವಿನ ಸೀರೆಯಲ್ಲಿ ಅದೇ ಹೊಸ್ತಿಲ ಮೇಲೆ ನಿಂತಿದ್ದೆ. ನಡುವೆ ಮಂಡಿನೋವು ಬಂತು. ಪಾತ್ರಕ್ಕೆ ಮಂಡಿನೋವು ಇರಲಿಲ್ಲವಲ್ಲ, ಹಾಗಾಗಿ ಕುಣಿಯುತ್ತಲೇ ಒಳಗೆ ಬರಬೇಕಿತ್ತು.

ಗುಬ್ಬಿಯ ಓದುಗರು: ಹಾಸ್ಯ ಧಾರಾವಾಹಿಗಳಲ್ಲಿ ಹಿಂದಿನಿಂದ ನಗು ಕೇಳಿಸುತ್ತಲ್ಲ, ಅದು ಯಾರದು? ನಿಮ್ಮ ಸೆಟ್‌ನಲ್ಲಿ ಜನ ಕೂತಿರುತ್ತಿದ್ದರಾ?

ಗುಬ್ಬಿ ವೀರಣ್ಣನವರ ಊರಿನವರಲ್ವಾ, ಎದುರಿಗೆ ಜನ ಇಲ್ಲದ ನಟನೆ ನಿಮಗೆ ವಿಚಿತ್ರ ಅನ್ನಿಸಲೇಬೇಕು. ಇಲ್ಲ, ಯಾರೂ ಇರುತ್ತಿರಲಿಲ್ಲ. ನಮ್ಮ ಧಾರಾವಾಹಿಯ ನಗು ಎಡಿಟಿಂಗ್ ರೂಮಿನಲ್ಲಿ ಸೇರಿಸಿದ್ದು.

ಅಮೆರಿಕದಲ್ಲಿ 1951ರಲ್ಲಿ ‘ಐ ಲವ್ ಲೂಸಿ’ ಎಂಬ ಹಾಸ್ಯ ಧಾರಾವಾಹಿ ಶುರುವಾದಾಗ ಸ್ಟುಡಿಯೋದಲ್ಲಿ ನಿಜವಾಗಿಯೂ ಜನರನ್ನು ಕೂರಿಸುತ್ತಿದ್ದರು. ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಿದ್ದವು. ಅಲ್ಲಿ ಕೇಳೋದು ಆ ಜನರ ನಗು. ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಒಂದು ಪೆಟ್ಟಿಗೆ ಮಾಡಿದರು. ಕೀ ಒತ್ತಿದರೆ ಸಣ್ಣ ನಗು, ದೊಡ್ಡ ನಗು, ಹೇಗೆ ಬೇಕೋ ಹಾಗೆ ಬರುತ್ತಿತ್ತು. ನಮ್ಮ ಕಡೆ ಬಂದಿದ್ದು ಈ ಪೆಟ್ಟಿಗೆಯ ಸಂತಾನ.

ಸೆಟ್‌ನಲ್ಲಿ ಯಾರೂ ನಗುವಂತಿಲ್ಲ. ನಕ್ಕರೆ ಆ ಸದ್ದು ರೆಕಾರ್ಡ್ ಆಗುತ್ತೆ. ಫ್ಯಾನ್ ಕೂಡ ಆಫ್. ಲೈಟ್ ಹುಡುಗ ಬಾಯಿಗೆ ಟವೆಲ್ ತುರುಕಿಕೊಂಡಿದ್ದಾನಾ ಎಂದು ಓರೆಗಣ್ಣಲ್ಲಿ ನೋಡಿಕೊಂಡು, ಸದ್ಯ, ಶಾಟ್ ಚೆನ್ನಾಗಿ ಬಂತು ಎಂದುಕೊಳ್ಳಬೇಕು.

ನಾನು ಬಂದಿದ್ದು ಇದಕ್ಕೆ ಪೂರ್ತಿ ಉಲ್ಟಾ ಜಾಗದಿಂದ. ನಮ್ಮ ಜಿಲ್ಲೆಯಲ್ಲಿ ಸುಗ್ಗಿ ಮುಗಿದರೆ ಊರೂರಲ್ಲಿ ಕುರುಕ್ಷೇತ್ರ ನಾಟಕ. ಊರಿನ ಗಂಡಸರು ಕೈಯಿಂದ ದುಡ್ಡು ಹಾಕಿ ದುರ್ಯೋಧನ, ಭೀಮ, ಕೃಷ್ಣ ಆಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಹಾಡು, ಕಂದಪದ್ಯ ಕಲಿಸುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ನಮ್ಮಂಥವರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ದ್ರೌಪದಿ ಸ್ಟೇಜಿಗೆ ಬರುವ ಹೊತ್ತಿಗೆ ರಾತ್ರಿ ಎರಡು ಗಂಟೆ. ಮುಂದೆ ಚಾಪೆ ಹಾಸಿಕೊಂಡವರಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಒಂದೂರಲ್ಲಿ ಭೀಮಸೇನರು ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟರು. ಮೇಷ್ಟ್ರು ಹಾರ್ಮೋನಿಯಂ ಎಷ್ಟು ಒತ್ತಿದರೂ ಅವರ ಬಾಯಿ ತೆರೆಯಲಿಲ್ಲ. "ಯಾಕೆ ಸ್ವಾಮಿ, ಗದೆ ಭಾರವಾಯಿತೇ? ಕೊಡಿ, ನಾನೇ ಹಿಡಿದುಕೊಳ್ಳುತ್ತೇನೆ" ಅಂದೆ. ಮಲಗಿದ್ದವರೂ ಎದ್ದು ಕೂತು ನಕ್ಕರು. ನಾನು ಹಾಸ್ಯ ಕಲಿತಿದ್ದು ಅಲ್ಲಿ. ಭೀಮಸೇನರು ಮಾತ್ರ ಬೆಳಗಿನ ಟೀ ಹೊತ್ತಿಗೂ ನನ್ನ ಹತ್ತಿರ ಮಾತಾಡಲಿಲ್ಲ. ಪಾಪ, ಪಾತ್ರಕ್ಕೆ ದುಡ್ಡು ಕಟ್ಟಿದವರು ಅವರು, ನಗಿಸಿದ್ದು ನಾನು.

ಕುಣಿಗಲ್ ಓದುಗರು: ಜನ ನಿಮ್ಮನ್ನು ‘ಕಾಫಿಪುಡಿ ಆಂಟಿ’ ಎಂದೇ ಕರೆಯುತ್ತಾರೆ. ಬೇಜಾರಾಗಲ್ವಾ?

ಚಂದ್ರು ಮತ್ತು ಗೀತಾ ದಂಪತಿಯನ್ನು ನೋಡಿ. ದೂರದರ್ಶನದಲ್ಲಿ ‘ಸಿಹಿ ಕಹಿ’ ಧಾರಾವಾಹಿ ಬಂದು ಎಷ್ಟೋ ವರ್ಷವಾಯಿತು. ಇಬ್ಬರೂ ಇವತ್ತಿಗೂ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ಮುಂದೆ ಚಂದ್ರು ಅವರು ‘ಪಾಪ ಪಾಂಡು’ವಿನಂಥ ಜನಪ್ರಿಯ ಹಾಸ್ಯ ಧಾರಾವಾಹಿ ಮಾಡಿದರೂ ಹೆಸರಿನ ಮುಂದೆ ಅಂಟಿಕೊಂಡಿದ್ದು ಮೊದಲಿನದೇ. ಅಂಥವರಿಗೇ ಹಾಗಾದರೆ ನನ್ನದೇನು?

ಸಿದ್ದಗಂಗೆ ಜಾತ್ರೆಯಲ್ಲಿ ಒಬ್ಬ ಅಜ್ಜಿ ನನ್ನ ರಟ್ಟೆ ಹಿಡಿದು ನಿಲ್ಲಿಸಿ, "ಅವಳು ಅಷ್ಟು ಬೈದ್ರೂ ಮತ್ತೆ ಅವಳ ಮನೇಗೇ ಹೋಗ್ತೀಯಲ್ಲೇ, ಮಾನ ಮರ್ಯಾದೆ ಇಲ್ವಾ ನಿಂಗೆ?" ಎಂದು ನಾಲ್ಕು ಜನರ ಮುಂದೆ ಬೈದರು. ಆಮೇಲೆ ಕಡ್ಲೆಪುರಿ ಪೊಟ್ಟಣ ಕೈಗಿಟ್ಟರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗಂತೂ ಬಂದಿಲ್ಲ.

ಬೇಜಾರಾಗಿದ್ದು ನನ್ನ ಅಣ್ಣ ತೀರಿಕೊಂಡ ದಿನ. ಮಣ್ಣಿಗೆ ಬಂದವರಲ್ಲಿ ಇಬ್ಬರು ಸೆಲ್ಫಿ ಕೇಳಿದರು. ಅತ್ತು ಮುಖ ಊದಿಕೊಂಡಿತ್ತು. ಒಬ್ಬ ಹುಡುಗ "ಸ್ವಲ್ಪ ಆ ನಗು ನಗಿ ಆಂಟಿ" ಅಂದ. ಅವನಿಗೆ ಕೆಟ್ಟ ಮನಸ್ಸು ಇತ್ತು ಅಂತ ನಾನು ಹೇಳಲ್ಲ. ಅವನು ನೋಡುವ ಟಿವಿಯಲ್ಲಿ ನನ್ನ ಮನೆಯವರು ಯಾರೂ ಸಾಯುವುದೇ ಇಲ್ಲವಲ್ಲ.

ಚಿಕ್ಕನಾಯಕನಹಳ್ಳಿ ಓದುಗರು: ಹಾಸ್ಯ ನಟರಿಗೆ ಗಂಭೀರ ಪಾತ್ರ ಯಾಕೆ ಕೊಡುವುದಿಲ್ಲ?

ಧೈರ್ಯ ಇದ್ದವರು ಕೊಡುತ್ತಾರೆ. ನಮ್ಮ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅವರನ್ನು ಸಿನಿಮಾದವರು ಬಹಳ ಕಾಲ ನಗಿಸೋಕೇ ಕರೆದರು. ‘ಗುಲಾಬಿ ಟಾಕೀಸ್’ಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಲಲಿತಾಂಬ ಆಗಿದ್ದ ಮಂಜು ಭಾಷಿಣಿ ‘ಪುಟ್ಟಕ್ಕನ ಮಕ್ಕಳು’ನಲ್ಲಿ ಗತ್ತಿನ ಬಂಗಾರಮ್ಮ ಆದರು. ನನಗೆ ಯಾರೂ ಕೊಟ್ಟಿಲ್ಲ. ಫೋನ್ ನಂಬರ್ ಪತ್ರಿಕೆಯವರ ಹತ್ತಿರ ಇದೆ.

ಪಾವಗಡದ ಓದುಗರು: ನನಗೆ 42 ವರ್ಷ, ಗೃಹಿಣಿ. ಮಕ್ಕಳು ದೊಡ್ಡವರಾಗಿದ್ದಾರೆ. ಈಗ ಹಾಸ್ಯ ಧಾರಾವಾಹಿಯಲ್ಲಿ ನಟಿಸುವ ಆಸೆ. ತಡವಾಯಿತಾ?

ಮೇಲೆ ಹೇಳಿದೆನಲ್ಲ, ಆ ಲೂಸಿ ಪಾತ್ರ ಮಾಡಿದ ಲೂಸಿಲ್ ಬಾಲ್‌ಗೆ ಧಾರಾವಾಹಿ ಶುರುವಾದಾಗ 40 ವರ್ಷ. ಕೈಯಲ್ಲಿ ಮೂರು ತಿಂಗಳ ಕೂಸು. ಅದಕ್ಕೂ ಮೊದಲು ಎಷ್ಟೋ ವರ್ಷ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡಿದ್ದವರು. 1962ರಲ್ಲಿ ಆಕೆ ಮಾಜಿ ಗಂಡನ ಪಾಲನ್ನೂ ಕೊಂಡುಕೊಂಡು ಸ್ಟುಡಿಯೋವನ್ನೇ ನಡೆಸಿದರು. ಆದ್ದರಿಂದ ವಯಸ್ಸು ಅಡ್ಡಿಯಲ್ಲ.

ದೂರ ಅಡ್ಡಿ. ಶೂಟಿಂಗ್ ಮನೆಗಳು ಜಾಸ್ತಿ ಇರುವುದು ಬೆಂಗಳೂರಿನ ರಾಜರಾಜೇಶ್ವರಿ ನಗರದ ಕಡೆ. ತುಮಕೂರಿನಿಂದ 70 ಕಿಲೋಮೀಟರ್ ಹೋಗಿಬರುವುದೇ ನನಗೆ ಸಾಕುಸಾಕಾಗುತ್ತಿತ್ತು. ಬೆಳಗಿನ ರೈಲಿಗೆ ಯಶವಂತಪುರ, ಅಲ್ಲಿಂದ ಬಸ್ಸು. ನೈಟ್ ಶೂಟಿಂಗ್ ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯಬೇಕು. ನಿಮಗೆ ಪಾವಗಡದಿಂದ ದಿನಾ ಓಡಾಡುವುದು ಆಗದ ಮಾತು. ಬೆಂಗಳೂರಲ್ಲಿ ಉಳಿಯಲು ಯಾರ ಮನೆಯಾದರೂ ಇದೆಯಾ, ಅದನ್ನು ಮೊದಲು ನೋಡಿ. ಮೊಬೈಲ್‌ನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿಕೊಳ್ಳಿ, ಮೇಕಪ್ ಬೇಡ. ಪಾತ್ರ ಕೊಡಿಸ್ತೀನಿ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ದುಡ್ಡು ಕೊಟ್ಟು ಪಾತ್ರ ಹಾಕುವುದು ಕುರುಕ್ಷೇತ್ರ ನಾಟಕಕ್ಕೆ ಚೆಂದ, ಟಿವಿಗೆ ಅಲ್ಲ.

ಮಧುಗಿರಿಯ ಓದುಗರು: ನನ್ನ ಮಗನಿಗೆ ಮಾತು ಉಗ್ಗುತ್ತದೆ. ಆದರೆ ಶಾಲೆಯ ನಾಟಕ ಅಂದರೆ ಪ್ರಾಣ. ಸೇರಿಸಲಾ?

ಖಂಡಿತ ಸೇರಿಸಿ. ಮಿಸ್ಟರ್ ಬೀನ್ ಗೊತ್ತಲ್ಲ? ಆ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್‌ಗೂ ಉಗ್ಗು ಇದೆ. ಬೇರೆ ಪಾತ್ರವಾಗಿ ಮಾತಾಡುವಾಗ ಅದು ಇಲ್ಲವಾಗುತ್ತದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು ಬೇರೆ. 1990ರಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ ಇರುವುದು ಬರೀ 15 ಕಂತು. ನಾವು ನೂರಾರು ಕಂತು ಮಾಡಿಯೂ ಬೇರೆ ಜಿಲ್ಲೆಯವರಿಗೆ ಗುರುತು ಸಿಗಲ್ಲ, ಅದು ಬೇರೆ ಮಾತು! ಹುಡುಗನನ್ನು ಒಮ್ಮೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಕರೆದುಕೊಂಡು ಹೋಗಿ. ನಾಟಕ ಚಿಕಿತ್ಸೆಯಲ್ಲ, ಎರಡೂ ಒಟ್ಟಿಗೆ ನಡೆಯಲಿ.

ಶಿರಾದ ಓದುಗರು: ನಿಮ್ಮ ಹಳೆಯ ಎಪಿಸೋಡ್‌ಗಳನ್ನು ಯೂಟ್ಯೂಬ್‌ನಲ್ಲಿ ಈಗಲೂ ಜನ ನೋಡುತ್ತಾರೆ. ನಿಮಗೆ ದುಡ್ಡು ಬರುತ್ತಾ?

ಇಲ್ಲ. ನಮಗೆ ದಿನದ ಲೆಕ್ಕ. ಕಾಲ್‌ಶೀಟ್ ಕೊಟ್ಟ ದಿನಕ್ಕೆ ಇಷ್ಟು ಅಂತ ಪೇಮೆಂಟ್, ಅಲ್ಲಿಗೆ ಮುಗೀತು. ಅದೂ ಕೈಗೆ ಸಿಗೋದು ತಿಂಗಳುಗಳಾದ ಮೇಲೆ. ಸೀರೆ ನಮ್ಮದೇ, ಇಸ್ತ್ರಿ ಖರ್ಚು ನಮ್ಮದೇ. ಒಂದು ಧಾರಾವಾಹಿ ದಿಢೀರ್ ನಿಂತಾಗ ಕೊನೆಯ ಪೇಮೆಂಟ್ ಬರಲೇ ಇಲ್ಲ. ಮ್ಯಾನೇಜರ್ "ಮುಂದಿನ ವಾರ ಅಮ್ಮಾ" ಅಂದರು, ಆ ವಾರ ಇನ್ನೂ ಬಂದಿಲ್ಲ.

ಅಮೆರಿಕದಲ್ಲಿ ಕಲಾವಿದರ ಸಂಘ ಹೋರಾಡಿ, ಮರುಪ್ರಸಾರವಾದರೆ ನಟರಿಗೂ ಪಾಲು ಸಿಗುವಂತೆ ಮಾಡಿಕೊಂಡಿದೆ. ನಮ್ಮಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಕಲಾವಿದರ ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಧನ ಕೊಡಬೇಕು ಎಂಬ ಮಾತು ಅದರಲ್ಲಿ ಸೇರಿತು. ನಾನು ಸಹಿ ಹಾಕಿದ ಕಾಗದಗಳು ಅದಕ್ಕಿಂತ ಹಳೆಯವು. ಈಗ ಸೇರುವ ಹುಡುಗ ಹುಡುಗಿಯರಿಗೆ ಹೇಳುವುದು ಇಷ್ಟೇ: ಅಗ್ರಿಮೆಂಟನ್ನು ಸೆಟ್‌ನಲ್ಲಿ ಮೇಕಪ್ ಹಾಕಿಸಿಕೊಳ್ಳುತ್ತಾ ಓದಬೇಡಿ. ಮನೆಗೆ ತಂದು, ತಿಳಿದವರೊಬ್ಬರಿಗೆ ತೋರಿಸಿ ಸಹಿ ಹಾಕಿ.

ತುಮಕೂರಿನ ಕಾಲೇಜು ವಿದ್ಯಾರ್ಥಿ: ಯುವಜನೋತ್ಸವಕ್ಕೆ ಆರು ಜನ ಹಾಸ್ಯ ಸ್ಕಿಟ್ ಮಾಡುತ್ತಿದ್ದೇವೆ. ಟೈಮಿಂಗ್ ಅಂದರೆ ಏನು? ಹೇಗೆ ಕಲಿಯುವುದು?

ನಮ್ಮ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ಧಾರಾವಾಹಿಯಲ್ಲಿ ದಿನಕ್ಕೆ ಅಷ್ಟೊಂದು ಸೀನ್ ತೆಗೆಯಬೇಕು, ಮಾತು ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿ? ಅದಕ್ಕೇ ಪ್ರಾಂಪ್ಟಿಂಗ್. ಕ್ಯಾಮೆರಾ ಪಕ್ಕ ಸಹಾಯಕ ನಿರ್ದೇಶಕರು ನಿಂತು ಸಾಲು ಓದುತ್ತಾರೆ, ಅದನ್ನು ಕೇಳಿಸಿಕೊಂಡು ನಾವು ಹೇಳುತ್ತೇವೆ. ಅಂದರೆ ನನ್ನ ಜೋಕನ್ನು ನನಗಿಂತ ಮೊದಲು ಇನ್ನೊಬ್ಬರು ಹೇಳಿಬಿಟ್ಟಿರುತ್ತಾರೆ, ಅದೂ ರೇಷನ್ ಪಟ್ಟಿ ಓದಿದ ಹಾಗೆ. ಎದುರಿಗಿರುವ ನಟರಿಗೂ ಅದು ಕೇಳಿಸಿರುತ್ತೆ. ಆದರೂ ನಾನು ಹೇಳಿದಾಗ ಅವರು ಮೊದಲ ಸಲ ಕೇಳಿದವರಂತೆ ಬೆಚ್ಚಬೇಕು. ಅವರು ಬೆಚ್ಚಿದರೆ ಮಾತ್ರ ನೋಡುವವರು ನಗುತ್ತಾರೆ.

ನನ್ನ ಜೊತೆ ಮನೆಯೊಡತಿಯಾಗಿ ನಟಿಸುತ್ತಿದ್ದಾಕೆ ಇದರಲ್ಲಿ ಗಟ್ಟಿಗಿತ್ತಿ. ನಾನು "ಸ್ವಲ್ಪ ಕಾಫಿಪುಡಿ..." ಅಂದರೆ ಆಕೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ನನ್ನ ಮುಖ ನೋಡಿ, ಲೋಟ ನೋಡಿ, ಮತ್ತೆ ನನ್ನ ಮುಖ ನೋಡುತ್ತಿದ್ದರು. ಆ ತಡ ಇದೆಯಲ್ಲ, ಅದೇ ಟೈಮಿಂಗ್. ಅಷ್ಟರಲ್ಲೇ ಲೈಟ್ ಹುಡುಗನ ಬಾಯಿಗೆ ಟವೆಲ್ ಹೋಗಿರುತ್ತಿತ್ತು. ಹೆಸರು ಬಂದಿದ್ದು ನನಗೆ. ಅರ್ಧ ಸಂಪಾದಿಸಿಕೊಟ್ಟಿದ್ದು ಆಕೆ.

ನಿಮ್ಮ ಆರು ಜನರಲ್ಲಿ ಆರೂ ಜನ ನಗಿಸಲು ಹೊರಟಿದ್ದೀರಿ ಅಂತ ನನಗೆ ಅನುಮಾನ. ಒಬ್ಬರಾದರೂ ಸೀರಿಯಸ್ ಆಗಿರಲಿ, ಸುಮ್ನೆ ಕೇಳಿಸಿಕೊಳ್ಳಲಿ. ಆ ಪಾತ್ರ ಯಾರಿಗೂ ಬೇಡ ಅಂದರೆ ನೀವೇ ತಗೊಳ್ಳಿ. ರಿಹರ್ಸಲ್‌ನಲ್ಲಿ ಜೋಕ್ ಕೇಳಿ ನಿಮ್ಮವರಿಗೇ ನಗು ಸತ್ತುಹೋದಾಗ ಗಾಬರಿಯಾಗಿ ಸಾಲು ಬದಲಾಯಿಸಬೇಡಿ, ಹಾಗೇ ಇಟ್ಟುಕೊಳ್ಳಿ. ಮತ್ತೆ, ಮೈಕ್ ಮುಂದೆ ಆರೂ ಜನ ಒಟ್ಟಿಗೆ ನಿಲ್ಲಬೇಡಿ, ಹಿಂದಿನವರ ಮುಖ ಕಾಣಲ್ಲ.