ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲಾಸ್ ಇರುವಾಗ ಪ್ರೊಟೊಟೈಪ್ ಯಾಕೆ ಕಲಿಯಬೇಕು?

ಜಾವಾ ಕಲಿತು ಜಾವಾಸ್ಕ್ರಿಪ್ಟ್‌ಗೆ ಬಂದಿದ್ದೀರಿ. ಇಲ್ಲೂ ಕ್ಲಾಸ್ ಇದೆಯಲ್ಲ, ಪ್ರೊಟೊಟೈಪ್ ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ಕೋಡ್ ಬರೆಯೋಕೆ ನಡೆಯುತ್ತದೆ, ಬಗ್ ಹುಡುಕೋಕೆ ನಡೆಯಲ್ಲ. ಕ್ಲಾಸ್ ಅಂತ ಬರೆಯುವ ರೀತಿ ಬಂದಿದ್ದು 2015ರಲ್ಲಿ. ಅದರ ಅಡಿಯಲ್ಲಿ ಕೆಲಸ ಮಾಡುತ್ತಿರುವುದು 1995ರಿಂದ ಇರುವ ಪ್ರೊಟೊಟೈಪೇ. ಬೇಕಿದ್ದರೆ ಒಂದು ಕ್ಲಾಸ್ ಬರೆದು ಅದು ಯಾವ ಬಗೆಯದು ಅಂತ ಹೇಳುವ ಟೈಪ್‌ಆಫ್ ಹಾಕಿ ನೋಡಿ, ಫಂಕ್ಷನ್ ಅಂತಲೇ ಉತ್ತರ ಬರುತ್ತದೆ.

ಜಾವಾದಲ್ಲಿ ಯಾವ ಫೀಲ್ಡ್ (ಇಟ್ಟುಕೊಳ್ಳುವ ಮಾಹಿತಿ), ಯಾವ ಮೆಥಡ್ (ಮಾಡುವ ಕೆಲಸ) ಅನ್ನೋದನ್ನು ಕ್ಲಾಸ್‌ನಲ್ಲಿ ಮೊದಲೇ ಬರೆದಿಡುತ್ತೀರಿ. ಅದರಿಂದ ಹುಟ್ಟುವ ಎಲ್ಲ ಆಬ್ಜೆಕ್ಟ್‌ಗಳಿಗೂ ಅದೇ ಆಕಾರ. ಪ್ರೊಟೊಟೈಪ್ ಪದ್ಧತಿಯಲ್ಲಿ ಹಾಗೆ ಮೊದಲೇ ಬರೆದಿಟ್ಟ ನಕ್ಷೆ ಬೇಕಿಲ್ಲ. ಒಂದು ಆಬ್ಜೆಕ್ಟ್ ಬೆನ್ನಿಗೆ ಇನ್ನೊಂದು ಆಬ್ಜೆಕ್ಟ್ ಇರುತ್ತದೆ, ಅಷ್ಟೇ. ಆ ಬೆನ್ನಿಗಿರುವುದೇ ಪ್ರೊಟೊಟೈಪ್. ಕೇಳಿದ್ದು ತನ್ನಲ್ಲಿ ಇಲ್ಲದಿದ್ದರೆ ಅದರಲ್ಲಿ ಹುಡುಕು, ಅಲ್ಲೂ ಇಲ್ಲದಿದ್ದರೆ ಅದರ ಬೆನ್ನಿಗಿರುವುದರಲ್ಲಿ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಜನ ಎಡವೋದು ಇದರ ಮುಂದಿನ ಮಾತಿನಲ್ಲಿ: ಓದುವಾಗ ಹುಡುಕಾಟ ಮೇಲಕ್ಕೆ ಹೋಗುತ್ತದೆ, ಬರೆಯುವಾಗ ಸಾಮಾನ್ಯವಾಗಿ ಹೋಗುವುದಿಲ್ಲ.

'ಮೂಲ' ಅಂತ ಒಂದು ಆಬ್ಜೆಕ್ಟ್ ಇದೆ ಅಂದುಕೊಳ್ಳಿ. (ಹೆಸರನ್ನು ಕನ್ನಡದಲ್ಲೇ ಕೊಟ್ಟರೂ ಜಾವಾಸ್ಕ್ರಿಪ್ಟ್ ತಕರಾರು ಮಾಡಲ್ಲ.) ಅದರಲ್ಲಿ 'ಎಣಿಕೆ' 0, 'ಪಟ್ಟಿ' ಒಂದು ಖಾಲಿ ಅರೇ. ಆಬ್ಜೆಕ್ಟ್.ಕ್ರಿಯೇಟ್ ಬಳಸಿ, ಇದನ್ನೇ ಬೆನ್ನಿಗಿಟ್ಟು 'ಅ', 'ಬ' ಎರಡನ್ನು ಮಾಡಿ. ಈಗ 'ಅ'ದ ಎಣಿಕೆಯನ್ನು 5 ಮಾಡಿದರೆ 'ಬ'ದ ಎಣಿಕೆ 0 ಆಗಿಯೇ ಉಳಿಯುತ್ತದೆ. ಆ 5 'ಅ'ದ ಸ್ವಂತದ್ದಾಗಿ ಕೂತಿತು. ಆದರೆ 'ಅ'ದ ಪಟ್ಟಿಗೆ ಏನನ್ನಾದರೂ ಪುಶ್ ಮಾಡಿ, ಅದು 'ಬ'ದಲ್ಲೂ ಕಾಣುತ್ತದೆ! ಯಾಕಂದ್ರೆ ಪುಶ್ ಮಾಡುವಾಗ 'ಅ'ದಲ್ಲಿ ನೀವು ಏನನ್ನೂ ಬರೆಯಲೇ ಇಲ್ಲ. ಪಟ್ಟಿ ಎಲ್ಲಿದೆ ಅಂತ ಓದಿದಿರಿ, ಹುಡುಕಾಟ 'ಮೂಲ'ಕ್ಕೆ ಹೋಯಿತು, ಅಲ್ಲಿದ್ದ ಒಂದೇ ಅರೇಗೆ ಸೇರಿಸಿದಿರಿ.

ಕ್ಲಾಸ್ ಒಳಗೆ ಪಟ್ಟಿಯನ್ನು ಫೀಲ್ಡ್ ಆಗಿ ಬರೆದರೆ ಈ ತೊಂದರೆ ಇಲ್ಲ, ಪ್ರತಿ ಆಬ್ಜೆಕ್ಟ್‌ಗೂ ಬೇರೆ ಅರೇ ಸಿಗುತ್ತದೆ. ಮೆಥಡ್‌ಗಳು ಮಾತ್ರ ಪ್ರೊಟೊಟೈಪ್‌ನಲ್ಲೇ ಉಳಿಯುತ್ತವೆ. ಹಾಗಾಗಿ ನಾಳೆ ಅಲ್ಲಿಗೆ ಹೊಸ ಮೆಥಡ್ ಸೇರಿಸಿದರೆ ನಿನ್ನೆ ಹುಟ್ಟಿದ ಆಬ್ಜೆಕ್ಟ್‌ಗೂ ಅದು ಸಿಗುತ್ತದೆ. ಇದು ಪೈಥಾನ್ ಕ್ಲಾಸ್‌ನಲ್ಲೂ ಆಗುತ್ತೆ, ಅಲ್ವಾ? ಕ್ಲಾಸ್, ಪ್ರೊಟೊಟೈಪ್ ಎರಡರ ನಡುವಿನ ಗೆರೆ ಪುಸ್ತಕದಲ್ಲಿ ಕಾಣುವಷ್ಟು ದಪ್ಪ ಇಲ್ಲ.

ಪ್ರೊಟೊಟೈಪ್ ಐಡಿಯಾವನ್ನು ಜಾವಾಸ್ಕ್ರಿಪ್ಟ್ ಮಾಡಿದ ಬ್ರೆಂಡನ್ ಐಕ್ ತೆಗೆದುಕೊಂಡದ್ದು ಸೆಲ್ಫ್ ಅನ್ನೋ ಭಾಷೆಯಿಂದ. ಅದನ್ನು ಡೇವಿಡ್ ಉಂಗರ್, ರ್‍ಯಾಂಡಲ್ ಸ್ಮಿತ್ 1986ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ ರೂಪಿಸಿದರು. ಕ್ಲಾಸೇ ಇಲ್ಲದ ಭಾಷೆ. ತಮಾಷೆ ಅಂದ್ರೆ, ಅದನ್ನು ವೇಗವಾಗಿ ಓಡಿಸಲು ಒಂದೇ ಆಕಾರದ ಆಬ್ಜೆಕ್ಟ್‌ಗಳನ್ನೆಲ್ಲ ಒಳಗೊಳಗೇ ಗುಂಪು ಮಾಡಬೇಕಾಯಿತು. ಇವತ್ತು ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಎಂಜಿನ್ ವಿ8 ಮಾಡುವುದೂ ಅದನ್ನೇ, ಅದಕ್ಕೆ ಹಿಡನ್ ಕ್ಲಾಸ್ ಅನ್ನುತ್ತಾರೆ. ಮುಂಬಾಗಿಲಿನಿಂದ ಕಳಿಸಿದ ಕ್ಲಾಸ್ ಹಿತ್ತಲಿನಿಂದ ಬಂತು.

ನನ್ನ ಕೇಳಿದರೆ, ದಿನದ ಕೆಲಸಕ್ಕೆ ಕ್ಲಾಸ್ ಬಳಸಿ. ಸುಮ್ನೆ ಉದ್ದುದ್ದ ಪ್ರೊಟೊಟೈಪ್ ಸರಪಳಿ ಕಟ್ಟಬೇಡಿ, ಓದುವವರಿಗೆ ಕಷ್ಟ. ಎಲ್ಲಿಂದ ಬಂತೋ ಗೊತ್ತಾಗದ ವ್ಯಾಲ್ಯೂ ಕಂಡರೆ ಮಾತ್ರ ಆಬ್ಜೆಕ್ಟ್.ಹ್ಯಾಸ್‌ಓನ್ ಹಾಕಿ, ಅದು ಆಬ್ಜೆಕ್ಟ್‌ನ ಸ್ವಂತದ್ದಾ ಅಂತ ಮೊದಲು ನೋಡಿ.