ಪ್ರೆಶರ್ ವಾಷರಿನಲ್ಲಿ ಅಂಗಳ, ಕಾಂಪೌಂಡ್ ತೊಳೆಯುವಾಗ ಏನೇನು ನೋಡಿಕೊಳ್ಳಬೇಕು?

ಗೋವಾದ ಮಡಗಾಂವಿನಲ್ಲಿ ಬಾಡಿಗೆ ಮನೆ, ಮಳೆ ನಿಂತ ಮೇಲೆ ಅಂಗಳದ ಪೇವರ್ ಬ್ಲಾಕ್ ಮತ್ತು ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಕಾಂಪೌಂಡ್ ಮೇಲೆಲ್ಲ ಪಾಚಿ, 130 ಬಾರ್ ಒತ್ತಡದಲ್ಲಿ ನೀರು ಚಿಮ್ಮಿಸುವ ಮಶೀನು ತಂದಿದ್ದೀರಿ. ಶಾಕ್ ಹೊಡೆಯುತ್ತದಾ, ಗೋಡೆ ಹಾಳಾಗುತ್ತದಾ ಅಂತ ನಿಮ್ಮ ಪ್ರಶ್ನೆ. ಎರಡೂ ಆಗಬಹುದು, ಎರಡನ್ನೂ ತಪ್ಪಿಸಲೂಬಹುದು. ನೀವು ಕೇಳದೇ ಬಿಟ್ಟ ಮೂರನೆಯದೊಂದಿದೆ, ನನಗೆ ಅದರ ಭಯವೇ ಹೆಚ್ಚು: ಬೆರಳು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಕರೆಂಟು. ಈ ಅಳತೆಯ ಮಶೀನು 1500ರಿಂದ 1700 ವ್ಯಾಟ್ ಎಳೆಯುತ್ತದೆ, ಅಂದರೆ ಸುಮಾರು 7 ಆಂಪ್. ಟಿವಿ, ಮೊಬೈಲಿನ 6 ಆಂಪ್ ಸಾಕೆಟ್ ಬೇಡ, ಗೀಸರಿನಂಥ 16 ಆಂಪ್ ಸಾಕೆಟ್ಟೇ ಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆಯಾ ನೋಡಿ, ಅದರ 'ಟಿ' ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಮಶೀನು ಡಬ್ಬದಲ್ಲೇ ಇರಲಿ. ಟ್ರಿಪ್ ಆಯಿತೆಂದ ಮಾತ್ರಕ್ಕೆ ಅರ್ಥಿಂಗ್ ಸರಿ ಇದೆ ಎಂದಲ್ಲ, ಆ ಬಟನ್ ಅದನ್ನು ಪರೀಕ್ಷಿಸುವುದೇ ಇಲ್ಲ. ಹಳೆ ಮನೆಯಾದರೆ ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ಒಮ್ಮೆ ಅಳೆಸಿ. ಎಕ್ಸ್‌ಟೆನ್ಷನ್ ಬೇಕೇ ಬೇಕೆಂದರೆ 2.5 ಚದರ ಮಿಲಿಮೀಟರಿನ ಮೂರೆಳೆ ವೈರು ತನ್ನಿ, ಸುರುಳಿ ಪೂರ್ತಿ ಬಿಚ್ಚಿ (ಸುತ್ತಿಟ್ಟ ವೈರು ಕಾಯುತ್ತದೆ), ಜೋಡಣೆಯನ್ನು ನೆಲದಿಂದ ಮೇಲೆ, ಕುರ್ಚಿಯ ಮೇಲೋ ಕಿಟಕಿ ಕಟ್ಟೆಯ ಮೇಲೋ ಇಡಿ.

ನೀರು ಸಾಲದಿದ್ದರೆ ಪಂಪು ಕೆಡುತ್ತದೆ. ಒಂದಂತಸ್ತಿನ ಮನೆಯ ಟ್ಯಾಂಕಿಯಿಂದ ಬರುವ ಒತ್ತಡ ಅರ್ಧ ಬಾರೂ ಇರುವುದಿಲ್ಲ, ಆದರೂ ಅರ್ಧ ಇಂಚಿನ ಪೈಪಿನಲ್ಲಿ ನೀರು ಧಾರಾಳವಾಗಿ ಬಂದರೆ ಸಾಕು. 15 ಲೀಟರ್ ಬಕೆಟ್ಟು ಒಂದೂವರೆ ನಿಮಿಷದೊಳಗೆ ತುಂಬಬೇಕು. ಇನ್‌ಲೆಟ್ಟಿನ ಜಾಲರಿ ಫಿಲ್ಟರ್ ತೊಳೆದು ಹಾಕಿ. ನಲ್ಲಿ ತೆರೆದು, ಮೋಟಾರ್ ಹಾಕದೆ, ಗನ್ನಿನ ಟ್ರಿಗರ್ ಒತ್ತಿ ಹಿಡಿಯಿರಿ. ಮೊದಲು ಪುಸುಪುಸು ಗಾಳಿ ಬರುತ್ತದೆ, ಧಾರೆ ಒಂದೇ ಸಮ ಆದ ಮೇಲೆ ಸ್ವಿಚ್ ಹಾಕಿ. ನಡುವೆ ಪಂಪಿನೊಳಗೆ ಜಲ್ಲಿಕಲ್ಲು ಅಲ್ಲಾಡಿದ ಹಾಗೆ ಸದ್ದು ಬಂದು ಧಾರೆ ಮಿಡಿಯತೊಡಗಿದರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ, ತಕ್ಷಣ ಆಫ್ ಮಾಡಿ.

ಈಗ ಗೋಡೆ. ಚಿರೆ ಗಾಳಿಗೆ ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುವ ಕಲ್ಲು, ಒಳಗೆ ಮೆತ್ತಗಿರುತ್ತದೆ. ಆ ಸಿಪ್ಪೆ ಕಿತ್ತರೆ ಮುಂದಿನ ಮಳೆಗೆ ಪಾಚಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಗರಗರ ತಿರುಗುವ ನಾಝಲ್ ಇಲ್ಲಿ ಬೇಡವೇ ಬೇಡ. ಅಗಲ ಬೀಸಣಿಗೆಯ 40 ಡಿಗ್ರಿ ನಾಝಲ್ ಹಾಕಿ ಎರಡಡಿ ದೂರದಿಂದ ಶುರುಮಾಡಿ, ಹೋಗದಿದ್ದರೆ ಒಂದಡಿವರೆಗೆ ಬನ್ನಿ, ಅದಕ್ಕಿಂತ ಹತ್ತಿರ ಬೇಡ. ಗೋಡೆಯಿಂದ ಇಳಿಯುವ ನೀರನ್ನು ನೋಡುತ್ತಿರಿ: ಕಪ್ಪು-ಹಸಿರು ಇದ್ದರೆ ಪಾಚಿ ಹೋಗುತ್ತಿದೆ, ಕೆಂಪಾಯಿತೋ, ಕಲ್ಲು ಹೋಗುತ್ತಿದೆ. ಸಂದಿನ ಗಾರೆಗೆ ನೇರ ಹೊಡೆಯಬೇಡಿ. ಏಣಿ ಹತ್ತಿ ಹೊಡೆಯುವುದಂತೂ ಕೂಡದು, ಟ್ರಿಗರ್ ಒತ್ತಿದ ಕ್ಷಣ ಗನ್ನು ಹಿಂದಕ್ಕೆ ಒದೆಯುತ್ತದೆ.

ಪೇವರಿಗೆ 25 ಡಿಗ್ರಿ ನಡೆಯುತ್ತದೆ, ಓರೆಯಾಗಿ ಹಿಡಿಯಿರಿ. ಸಂದಿನ ಮರಳು ಸ್ವಲ್ಪ ಹೋಗಿಯೇ ಹೋಗುತ್ತದೆ, ಒಣಗಿದ ಮೇಲೆ ಸಣ್ಣ ಮರಳು ಸುರಿದು ಗುಡಿಸಿ ತುಂಬಿ, ಇಲ್ಲದಿದ್ದರೆ ಬ್ಲಾಕ್ ಅಲ್ಲಾಡುತ್ತದೆ. ದಪ್ಪ ಪಾಚಿಯನ್ನು ಮೊದಲೇ ಹಿಡಿಸೂಡಿಯಲ್ಲಿ ಉಜ್ಜಿ ತೆಗೆದರೆ ಅರ್ಧ ನೀರು ಉಳಿಯುತ್ತದೆ. ಬ್ಲೀಚಿಂಗ್ ಪೌಡರನ್ನು ಮಶೀನಿನ ಸೋಪಿನ ಬಾಟಲಿಗೆ ಹಾಕಬೇಡಿ. ಅದರ ಜೊತೆ ಟಾಯ್ಲೆಟ್ ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಮೀಟರ್ ಬಾಕ್ಸು, ಎಸಿಯ ಹೊರಗಿನ ಯೂನಿಟ್ಟು, ಹೆಂಚಿನ ಅಡಿಭಾಗ, ಇವುಗಳ ಕಡೆ ಗನ್ನು ತಿರುಗಿಸಲೇಬೇಡಿ.

ಇನ್ನು ಬೆರಳು. 130 ಬಾರ್ ಅಂದರೆ ಕಾರಿನ ಟೈರಿನೊಳಗಿನ ಒತ್ತಡದ ಸುಮಾರು ಅರವತ್ತು ಪಟ್ಟು, ನಾಝಲ್ ಬಾಯಲ್ಲಿ ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಬಹುತೇಕರು ಎಡವುವುದು ಕೆಲಸ ನಿಲ್ಲಿಸಿದಾಗ. ಸ್ವಿಚ್ ಆಫ್ ಆದರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಅದೇ ಹೊತ್ತಿಗೆ ನಾಝಲ್ ಬದಲಿಸಲು ಕೈ ಹಾಕುತ್ತಾರೆ. ಕ್ರಮ ಹೀಗಿರಲಿ: ಸ್ವಿಚ್ ಆಫ್, ನಲ್ಲಿ ಬಂದ್, ಧಾರೆ ಸತ್ತು ತೊಟ್ಟಿಕ್ಕುವವರೆಗೆ ಟ್ರಿಗರ್ ಒತ್ತಿ, ಟ್ರಿಗರ್ ಲಾಕ್ ಹಾಕಿ, ಆಮೇಲೆ ನಾಝಲ್ ಮುಟ್ಟಿ. ಚಪ್ಪಲಿಯ ಬದಲು ಗಟ್ಟಿ ಬೂಟು, ಕಣ್ಣಿಗೆ ಗಾಗಲ್ ಇರಲಿ. ಕಾಲ ಮಣ್ಣನ್ನು ಧಾರೆಯಲ್ಲೇ ತೊಳೆದುಕೊಳ್ಳುವ ಮಕ್ಕಳಾಟ ಯಾರೂ ಆಡದ ಹಾಗೆ ನೋಡಿಕೊಳ್ಳಿ.

ಅಕಸ್ಮಾತ್ ತಗುಲಿದರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಕೊಳಕು ನೀರು ಹರಡಿರುತ್ತದೆ, ಕೆಲವು ಗಂಟೆಗಳಲ್ಲಿ ಊದಿಕೊಳ್ಳುತ್ತದೆ. ಅರಿಶಿನ ಮೆತ್ತಿ ಮನೆಯಲ್ಲಿ ಕೂರಬೇಡಿ. ಆಗಲೇ ಮಡಗಾಂವಿನ ಜಿಲ್ಲಾಸ್ಪತ್ರೆಗೋ ಬಾಂಬೊಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಹೋಗಿ, ಚುಚ್ಚಿದ ಗಾಯ ಅನ್ನದೆ, ಹೈ ಪ್ರೆಶರ್ ನೀರು ಚರ್ಮದೊಳಗೆ ನುಗ್ಗಿದೆ ಅಂತಲೇ ಹೇಳಿ.